ಸಣ್ಣ ಅಳತೆಯ ಹಸಿರು ಬಳೆ

ವಿನೋಬನಗರ, ದಾವಣಗೆರೆ
12 ಸೆಪ್ಟೆಂಬರ್ 1998

ಸಾರಥಿಯ ಸುಧಾ ಸಿಸ್ಟರ್ ಅವರಿಗೆ ಶರಣು.

ನಾನು ಯಾರೆಂದು ನಿಮಗೆ ತಿಳಿಯದು. ನಿಮ್ಮ ಊರಿನ ಬಸವಪ್ರಭುವಿನ ಹೆಂಡತಿ ವಾಣಿ ಇದ್ದಾಳಲ್ಲ, ಮಾತಿಗಿಂತ ಮುಂಚೆ ನಗುವವಳು, ಅವಳ ತಾಯಿ ನಾನು. ಇಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಜ್ಯೇಷ್ಠದಲ್ಲಿ ನಮ್ಮ ಮನೆಯವರು ಪಂಚಾಕ್ಷರಪ್ಪನವರು ಲಿಂಗೈಕ್ಯರಾದರು. ಬೆಲ್ಲ ತೂಗುತ್ತಿದ್ದವರು ತಕ್ಕಡಿ ಕೆಳಗಿಟ್ಟು ಕೂತರು, ಮತ್ತೆ ಏಳಲಿಲ್ಲ. ವಾಣಿ ಬಸುರಿ ಅನ್ನುವ ಸುದ್ದಿ ಅವರ ಕಿವಿಗೆ ಬೀಳಲೇ ಇಲ್ಲ.

ಚೊಚ್ಚಲ ಹೆರಿಗೆ ತವರಿನದು, ಅದನ್ನು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಸಾವಾದ ಮನೆಗೆ ವರ್ಷ ತುಂಬುವ ತನಕ ಬಸುರಿಯನ್ನು ಕರೆತರಬಾರದು ಎನ್ನುತ್ತಾರೆ. ಅದಕ್ಕೇ ಈ ಸಲ ಹೆರಿಗೆ ಅಲ್ಲಿಯೇ ಆಗಲಿ ಎಂದು ಬೀಗರಿಗೆ ಹೇಳಿ ಕಳಿಸಿದ್ದೇನೆ. ಸಾರಥಿಯಲ್ಲಿ ನೀವಿದ್ದೀರಿ, ನಿಮ್ಮ ಕೈಗುಣ ಒಳ್ಳೆಯದೆಂದು ವಾಣಿಯೇ ಬರೆದಿದ್ದಾಳೆ. ಅದೊಂದೇ ನನಗೆ ಧೈರ್ಯ.

ಅವಳಿಗೆ ಹುಳಿ ಕಂಡರೆ ಆಸೆ, ಔಷಧಿ ಕಂಡರೆ ಆಗುವುದಿಲ್ಲ. ಬೈದು ಕುಡಿಸಿ. ಬೈದರೆ ಅಳುತ್ತಾಳೆ, ಅತ್ತ ಮೇಲೆ ಕುಡಿಯುತ್ತಾಳೆ. ಚಿಕ್ಕವಳಿದ್ದಾಗಿನಿಂದ ಹಾಗೆಯೇ.

ವಾಣಿಯ ತಾಯಿ
ಗುರುಶಾಂತಮ್ಮ


ಸಾರಥಿ
15 ನವೆಂಬರ್ 1998

ಗುರುಶಾಂತಮ್ಮನವರಿಗೆ ನಮಸ್ಕಾರ.

ಉತ್ತರ ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡಿ. ನನಗೆ ಈ ಊರೊಂದೇ ಅಲ್ಲ, ಸುತ್ತಲಿನ ಹಳ್ಳಿಗಳೂ ಸೇರಿವೆ. ಒಂದು ಕಡೆ ಬಾಣಂತಿ ನೋಡಿ ಬರುವಷ್ಟರಲ್ಲಿ ಇನ್ನೊಂದು ಕಡೆ ನೋವು ಶುರುವಾಗಿರುತ್ತದೆ. ನಡುವೆ ಆಪರೇಷನ್ ಕ್ಯಾಂಪು, ಚುಚ್ಚುಮದ್ದು, ಹರಿಹರದಲ್ಲಿ ಮೀಟಿಂಗು.

ನಿಮ್ಮ ಮಗಳು ನನ್ನ ಬೆಂಚಿನ ಮೇಲೆ ಬಂದು ಕೂತರೆ ಎದ್ದು ಹೋಗೆಂದರೂ ಹೋಗುವವಳಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದಳು. ಒಂದು ದಿನ ಆ ಗಂಟು ಬಿಚ್ಚಿಸಿ ನೋಡಿದೆ, ಎಲ್ಲಾ ಅಲ್ಲೇ ಇದ್ದವು. ಈಗ ನನ್ನ ಕಣ್ಣೆದುರೇ ನುಂಗಿಸುತ್ತೇನೆ.

ಆದರೆ ಈ ಸಲ ಬಿ.ಪಿ. ಮೇಲಿತ್ತು. ಕಾಲೂ ಬಾತಿವೆ. ನಿಮ್ಮ ಬೀಗಿತ್ತಿಯವರು ‘ನಮಗೂ ಬಾತಿದ್ವು ಬಿಡ್ರಿ, ಹಡೆದ್ಮೇಲೆ ಇಳಿತಾವೆ’ ಎಂದರು. ಎಲ್ಲರಿಗೂ ಹಾಗೆಯೇ ಇಳಿಯುವುದಿಲ್ಲ ಅಮ್ಮಾ. ಉಪ್ಪು ಕಡಿಮೆ ಮಾಡಿಸಿದ್ದೇನೆ. ಏಳು ತುಂಬುತ್ತಲೇ ಅವಳು ದಾವಣಗೆರೆಯಲ್ಲಿ, ದೊಡ್ಡ ಡಾಕ್ಟರ ಹತ್ತಿರ ಇದ್ದರೆ ಒಳ್ಳೆಯದು. ನಿಮ್ಮ ಮನೆ ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರವೆಂದು ವಾಣಿ ಹೇಳಿದಳು. ವಿಚಾರ ಮಾಡಿ.

ಇಂತಿ ನಿಮ್ಮ
ಸುಧಾ


ವಿನೋಬನಗರ, ದಾವಣಗೆರೆ
28 ನವೆಂಬರ್ 1998

ಸುಧಾ ಸಿಸ್ಟರ್ ಅವರಿಗೆ ಶರಣು.

ವಯಸ್ಸಿನಲ್ಲಿ ನೀವು ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಬುದ್ಧಿ ಹೇಳುವುದರಲ್ಲಿ ಮಾತ್ರ ನನ್ನ ಅತ್ತೆಯನ್ನು ಮೀರಿಸುತ್ತೀರಿ. ತಮಾಷೆಗೆ ಅಂದೆ.

ನಿಮ್ಮ ಪತ್ರ ಬಂದ ಮೇಲೆ ಮಠದ ಅಯ್ಯನವರನ್ನು ಕೇಳಿದೆ. ‘ಲಿಂಗ ಕಟ್ಟಿದೋರಿಗೆ ಎಲ್ಲೀ ಸೂತಕ ತಾಯಿ, ಕರಕೊಂಡು ಬರ್ರಿ’ ಎಂದರು. ಅವರು ಅಷ್ಟು ಹೇಳಿ ಮಠಕ್ಕೆ ಹೋದರು, ಓಣಿಯಲ್ಲಿ ಬಾಳುವವಳು ನಾನು. ನಾಳೆ ಒಂದು ಹೆಚ್ಚುಕಡಿಮೆಯಾದರೆ ‘ಸಾವಿನ ಮನೆಗೆ ಕರಕೊಂಡು ಹೋಗಿ ಹಿಂಗ್ ಮಾಡಿದ್ಲು’ ಎಂದು ನನ್ನ ಹಣೆಗೇ ಹಚ್ಚುತ್ತಾರೆ. ಅದೂ ಅಲ್ಲದೆ ಉಡಿ ತುಂಬಿ ಕರೆದುಕೊಂಡು ಬರಬೇಕು. ನನ್ನ ಕೈ ಈಗ ಉಡಿ ತುಂಬುವ ಕೈಯೇ? ಬೆಳಿಗ್ಗೆ ಎದ್ದು ಬಸುರಿ ಮೊದಲು ನನ್ನ ಬೋಳು ಹಣೆ ನೋಡಬೇಕೇ? ನನಗೇ ಕನ್ನಡಿ ನೋಡಲು ಮನಸ್ಸಾಗುವುದಿಲ್ಲ.

ಹೆರಿಗೆಯಾದ ಮೇಲೆ ಬಂದು ತಿಂಗಳುಗಟ್ಟಲೆ ಕೂತು ಎರೆದು ಬಾಣಂತನ ಮಾಡುತ್ತೇನೆ. ಅಲ್ಲಿಯ ತನಕ ಅವಳು ನಿಮ್ಮ ಮಡಿಲಿಗೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚಕ್ಕುಲಿ ಕಳಿಸಿದ್ದೇನೆ. ವಾಣಿಯದಕ್ಕೆ ಉಪ್ಪು ಕಡಿಮೆ, ಕೆಂಪು ದಾರ ಕಟ್ಟಿದ ಪೊಟ್ಟಣ. ಅದಲುಬದಲು ಮಾಡಬೇಡಿ.

ವಾಣಿಯ ತಾಯಿ
ಗುರುಶಾಂತಮ್ಮ


ಸಾರಥಿ
20 ಡಿಸೆಂಬರ್ 1998

ಗುರುಶಾಂತಮ್ಮನವರಿಗೆ ನಮಸ್ಕಾರ.

ಚಕ್ಕುಲಿ ಚೆನ್ನಾಗಿದ್ದವು. ವಾಣಿ ನನ್ನ ಪೊಟ್ಟಣಕ್ಕೇ ಕೈ ಹಾಕಿದಳು, ಬಿಡಲಿಲ್ಲ.

ಈಗ ನೇರವಾಗಿ ಬರೆಯುತ್ತೇನೆ. ಮೊನ್ನೆ ಅವಳನ್ನು ನಾನೇ ಹರಿಹರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಮುಖವೂ ಬಾತಿದೆ. ಗರ್ಭದ ನಂಜು ಶುರುವಾಗಿದೆ, ಇದಕ್ಕೆ ದಾವಣಗೆರೆಯೇ ಸರಿ, ಅಲ್ಲೇ ಹತ್ತಿರದಲ್ಲಿ ಇಟ್ಟುಕೊಂಡು ವಾರಕ್ಕೊಮ್ಮೆ ತೋರಿಸಬೇಕು ಎಂದರು. ಮನೆಗೆ ಬಂದು ಬಸವಪ್ರಭುವಿಗೂ ಅವರ ತಾಯಿಗೂ ಹೇಳಿದೆ. ಅವರು ಕೆಟ್ಟವರಲ್ಲ. ‘ತವರಿನೋರು ಕರೀದೆ ನಾವು ಹೆಂಗೆ ಕಳ್ಸೋದು ಸಿಸ್ಟರ್, ಹೊರಗೆ ತಳ್ಳಿದಂಗಾಗಲ್ಲೇನು’ ಎಂದು ಆ ತಾಯಿ ನನ್ನನ್ನೇ ಕೇಳಿದರು.

ನೀವು ವರ್ಷ ತುಂಬಲೆಂದು ಕಾಯುತ್ತಿದ್ದೀರಿ. ಅವರು ನೀವು ಕರೆಯಲೆಂದು ಕಾಯುತ್ತಿದ್ದಾರೆ. ಬಿ.ಪಿ. ಯಾರಿಗೂ ಕಾಯುವುದಿಲ್ಲ ಅಮ್ಮಾ. ನನ್ನ ಹತ್ತಿರ ಇರುವುದು ಒಂದು ಮೇಜು, ಬಿ.ಪಿ. ನೋಡುವ ಯಂತ್ರ, ಎರಡು ಕೈ. ನಾಳೆ ಅವಳಿಗೆ ಫಿಟ್ಸ್ ಬಂದರೆ ಈ ಕೈಯಿಂದ ಏನೂ ಆಗದು. ಕೈಗುಣ ಎಂದಿರಿ. ಕೈಗುಣ ಇರುವುದು ಎಲ್ಲಾ ಸರಿಯಿದ್ದಾಗ.

ಉಡಿಯನ್ನು ಓಣಿಯ ಮುತ್ತೈದೆ ಯಾರಾದರೂ ತುಂಬಲಿ. ನೀವು ಬಾಗಿಲ ಹೊರಗೇ ನಿಂತಿರಿ. ಆದರೆ ಬನ್ನಿ. ಇದನ್ನು ಬರೆಯುತ್ತೇನೆಂದು ವಾಣಿಗೆ ಹೇಳಿದಾಗ ‘ನಮ್ಮವ್ವನ ಮನಸ್ಸು ನೋಯಿಸ್ಬ್ಯಾಡ್ರಿ, ಅಪ್ಪ ಹೋದಾಗಿಂದ ಸೊರಗ್ಯಾಳೆ’ ಎಂದಳು. ನೋಯಿಸಿದ್ದರೆ ಕ್ಷಮಿಸಿ, ಆದರೂ ಬರೆದಿದ್ದೇನೆ.

ಸುಧಾ


ವಿನೋಬನಗರ, ದಾವಣಗೆರೆ
11 ಜನವರಿ 1999

ಸುಧಾ ಸಿಸ್ಟರ್ ಅವರಿಗೆ ಶರಣು.

ನಿಮ್ಮ ಪತ್ರ ಓದಿ ಹದಿನೈದು ದಿನ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೆ. ಆಮೇಲೆ ಸಿಟ್ಟು ಇಳಿದು ಹೆದರಿಕೆ ಬಂತು. ನೀವು ಗೆದ್ದಿರಿ. ಓಣಿಯವರು ಏನಾದರೂ ಅಂದುಕೊಳ್ಳಲಿ, ಕರೆದುಕೊಂಡು ಬರುತ್ತೇನೆ.

ಒಳಕೋಣೆಗೆ ಸುಣ್ಣ ಹೊಡೆಸಿದೆ. ಹಳೆ ಹಾಸಿಗೆಯ ಹತ್ತಿ ಹಿಂಜಿಸಿ ಹೊಸದು ತುಂಬಿಸಿದೆ. ಹಸಿರು ಸೀರೆ ತಂದೆ, ಸಿಕಂದರನ ಅಂಗಡಿಯಲ್ಲಿ ಹಸಿರು ಬಳೆ ತಂದೆ. ವಾಣಿಯ ಕೈ ನೀವು ನೋಡಿದ್ದೀರಲ್ಲ, ಮದುವೆಯಾಗಿ ಬಸುರಿಯಾದರೂ ಇನ್ನೂ ಸ್ಕೂಲಿಗೆ ಹೋಗುವ ಹುಡುಗಿಯ ಅಳತೆ. ಸಿಕಂದರ ನಗುತ್ತಾ ‘ಮಗಳಿಗೋ ಮೊಮ್ಮಗಳಿಗೋ ಅಮ್ಮಾ’ ಅಂದ. ನಮ್ಮ ಮನೆಯವರು ಹೋದ ಮೇಲೆ ನಾನೂ ಮೊದಲ ಸಲ ನಕ್ಕೆ.

ಗುರುವಾರ ಸಂಕ್ರಾಂತಿ. ಭಾನುವಾರ ಅಮಾವಾಸ್ಯೆ, ಆ ದಿನ ಬಸುರಿಯನ್ನು ಊರು ದಾಟಿಸಬಾರದು. ಇಷ್ಟು ದಿನ ತಡೆದದ್ದಕ್ಕೆ ಅದೊಂದು ದಿನ ತಡೆಯಿರಿ. ಸೋಮವಾರ ಮೊದಲ ಬಸ್ಸಿಗೆ ಹರಿಹರಕ್ಕೆ ಬಂದು ಅಲ್ಲಿಂದ ಸಾರಥಿಗೆ ಬರುತ್ತೇನೆ. ಎದುರು ಮನೆಯ ಕೊಟ್ಟೂರೇಶನ ಹೆಂಡತಿ ಉಡಿ ತುಂಬಲು ಜೊತೆಗೆ ಬರುತ್ತಾಳೆ. ಬೀಗರಿಗೂ ವಾಣಿಗೂ ನೀವೇ ಹೇಳಿಬಿಡಿ.

ವಾಣಿಯ ತಾಯಿ
ಗುರುಶಾಂತಮ್ಮ


ದಾವಣಗೆರೆ
14 ಫೆಬ್ರವರಿ 1999

ಸುಧಾ,

ಸಿಸ್ಟರ್ ಎಂದು ಬರೆಯಲು ಕೈ ಏಳುತ್ತಿಲ್ಲ.

ಸೋಮವಾರ ಬರುತ್ತೇನೆಂದು ನಿನಗೆ ಬರೆದಿದ್ದೆ. ಭಾನುವಾರ ನನ್ನ ಮಗಳು ಸತ್ತಳು. ಸಾರಥಿಯಲ್ಲೂ ಅಲ್ಲ, ದಾವಣಗೆರೆಯಲ್ಲೂ ಅಲ್ಲ, ದೊಡ್ಡಬಾತಿ ಹತ್ತಿರ ನಿಮ್ಮೂರ ಮೌಲಾ ಸಾಬರ ಟೆಂಪೋದಲ್ಲಿ, ರೋಡಿನಲ್ಲಿ ಸತ್ತಳು. ಅವಳಿಗೆ ಫಿಟ್ಸ್ ಬಂದಾಗ ನೀನೆಲ್ಲಿದ್ದೆ? ಪಕ್ಕದ ಹಳ್ಳಿಯಲ್ಲಿ ಪೋಲಿಯೋ ಹನಿ ಹಾಕುತ್ತಾ ಕೂತಿದ್ದೆ. ಊರವರ ಮಕ್ಕಳೆಲ್ಲ ನೆಟ್ಟಗಿರಲಿ ಎಂದು ಕೂತಿದ್ದೆ. ನಿನ್ನ ಮಡಿಲಿಗೆ ಹಾಕಿದ ನನ್ನ ಮಗಳನ್ನು ಬಿಟ್ಟು ಹೋಗಿದ್ದೆ.

ನಾನು ಸಾರಥಿಗೆ ಬಂದದ್ದು ಅದೇ ಸೋಮವಾರ, ಅದೇ ಮೊದಲ ಬಸ್ಸಿಗೆ. ಮಣ್ಣು ಮಾಡಲು ಬಂದೆ.

ಮೇಲಿನವರಿಗೆ ಅರ್ಜಿ ಬರೆದು ಕೊಟ್ಟಿದ್ದೇನೆ. ನಿನ್ನ ಕೆಲಸ ಹೋಗಲಿ. ಇದಕ್ಕೆ ಉತ್ತರ ಬರೆಯಬೇಡ.

ಗುರುಶಾಂತಮ್ಮ


ಸಾರಥಿ
9 ಮಾರ್ಚ್ 1999

ಅಮ್ಮಾ,

ಉತ್ತರ ಬೇಡವೆಂದಿರಿ. ಇದು ಉತ್ತರವಲ್ಲ.

ವಾಣಿಯ ಚೀಲ ಮೌಲಾ ಸಾಬರ ಟೆಂಪೋದಲ್ಲೇ ಉಳಿದಿತ್ತು. ಅವರ ಕೈಯಲ್ಲೇ ಈ ಪತ್ರದ ಜೊತೆ ಕಳಿಸಿದ್ದೇನೆ. ನಿಮ್ಮ ಪತ್ರ ಬಂದ ಶನಿವಾರವೇ ಅವಳು ಕಟ್ಟಿಟ್ಟುಕೊಂಡ ಚೀಲ ಅದು. ಎರಡು ಸೀರೆ, ರವಿಕೆ, ಒಂದು ಪೊಟ್ಟಣದಲ್ಲಿ ಅಲಸಂದೆ ಕಾಳು. ಹೊಲದಲ್ಲಿ ಬೆಳೆದದ್ದು, ನಿಮಗೆ ಇಷ್ಟವೆಂದು ಆರಿಸಿ ಇಟ್ಟಿದ್ದಳು.

ನಿಮ್ಮ ಅರ್ಜಿ ತಲುಪಿದೆ. ಬೇಗ ಯಾಕೆ ಹೋಗಲಿಲ್ಲವೆಂದು ಒಂದು ನೋಟಿಸು ಬಂತು. ಪೋಲಿಯೋ ಬೂತು ಬಿಟ್ಟು ಯಾಕೆ ಹೋದಿರೆಂದು ಇನ್ನೊಂದು ನೋಟಿಸು ಬಂತು. ಎರಡಕ್ಕೂ ಏನು ಬರೆಯಬೇಕೋ ತಿಳಿಯದೆ ಕೂತಿದ್ದೇನೆ.

ಊಟ ಮಾಡಿ ಅಮ್ಮಾ. ನೀವು ಊಟ ಬಿಟ್ಟಿದ್ದೀರೆಂದು ಬಸವಪ್ರಭು ಹೇಳಿದರು.

ಸುಧಾ


ವಿನೋಬನಗರ, ದಾವಣಗೆರೆ
23 ಜೂನ್ 1999

ಸುಧಾ,

ಇವತ್ತು ನಮ್ಮ ಮನೆಯವರ ವರ್ಷ ತುಂಬಿತು. ಅಯ್ಯನವರು ಬಂದು ಪಾದಪೂಜೆ ಮಾಡಿಸಿಕೊಂಡು ಹೋದರು. ಓಣಿಯವರು ಊಟ ಮಾಡಿ ಕೈ ತೊಳೆದರು. ಇನ್ನು ಈ ಮನೆಗೆ ಯಾವ ಅಡ್ಡಿಯೂ ಇಲ್ಲ. ಬಸುರಿ ಬರಬಹುದು, ಬಾಣಂತಿ ಬರಬಹುದು, ತೊಟ್ಟಿಲು ಕಟ್ಟಬಹುದು. ಸುಣ್ಣ ಹೊಡೆಸಿದ ಕೋಣೆ ಹಾಗೆಯೇ ಇದೆ, ಯಾರೂ ಮಲಗಿಲ್ಲ.

ಅಲಸಂದೆ ಕಾಳು ಬೇಯಿಸಲು ಆಗಲಿಲ್ಲ. ಹುಳ ಹಿಡಿದಿದೆ. ಚೆಲ್ಲಲೂ ಆಗುತ್ತಿಲ್ಲ.

ಅರ್ಜಿ ವಾಪಸ್ ತೆಗೆದುಕೊಂಡೆ. ಅದಕ್ಕೆ ಕಾರಣ ಬರೆಯಲು ಹೇಳಿದರು. ‘ತಿಳಿಯದೆ ಕೊಟ್ಟಿದ್ದೆ’ ಎಂದು ಬರೆದೆ. ನಿಜ ಏನೆಂದರೆ ಯಾರ ಮೇಲಾದರೂ ಹಾಕದಿದ್ದರೆ ಅದು ನನ್ನ ಮೇಲೆ ಬೀಳುತ್ತಿತ್ತು. ಈಗ ಬಿದ್ದಿದೆ, ಹೊತ್ತುಕೊಂಡಿದ್ದೇನೆ.

ಒಂದು ಮಾತು ಕೇಳುತ್ತೇನೆ. ಮಗು ಅದರ ತಾಯಿಯ ಜೊತೆಯಲ್ಲೇ ಮಣ್ಣಿಗೆ ಹೋಯಿತು. ಬಟ್ಟೆ ಸುತ್ತಿದ್ದರು, ನನಗೆ ತೋರಿಸಲಿಲ್ಲ. ಗಂಡೋ ಹೆಣ್ಣೋ ಅದನ್ನೂ ಯಾರೂ ಹೇಳಲಿಲ್ಲ. ಕೇಳಿದರೆ ‘ಈಗ ಯಾಕ ಅದೆಲ್ಲಾ’ ಎನ್ನುತ್ತಾರೆ. ನೀನು ಜೊತೆಗಿದ್ದೆ. ನೀನು ಹೇಳು.

ಗುರುಶಾಂತಮ್ಮ


ಸಾರಥಿ
9 ಜುಲೈ 1999

ಅಮ್ಮಾ,

ಹೆಣ್ಣು. ಹರಿಹರ ದಾಟಿದ ಮೇಲೆ ಟೆಂಪೋದಲ್ಲಿ ಹುಟ್ಟಿತು. ಉಸಿರಿರಲಿಲ್ಲ. ಎಷ್ಟು ಉಜ್ಜಿದರೂ, ಬಾಯಿಗೆ ಬಾಯಿ ಹಚ್ಚಿ ಊದಿದರೂ ಬರಲಿಲ್ಲ. ತಲೆತುಂಬ ಕೂದಲಿತ್ತು. ಬೆರಳು ತೆಳ್ಳಗೆ ಇದ್ದವು. ಕೈ ಅದರ ಅಮ್ಮನದೇ.

ನೀವು ಕೇಳದಿದ್ದರೂ ಉಳಿದದ್ದನ್ನು ಹೇಳುತ್ತೇನೆ. ಆ ಬೆಳಿಗ್ಗೆ ಬೂತಿಗೆ ಹೋಗುವ ಮುಂಚೆ ಅವಳ ಮನೆಗೆ ಹೋಗಿದ್ದೆ. ತಲೆ ಸಿಡಿಯುತ್ತಿದೆ, ಕಣ್ಣು ಮಬ್ಬಾಗಿದೆ ಎಂದಳು. ಈಗಲೇ ಹೊರಡಿ ಎಂದೆ. ಅವಳ ಅತ್ತೆ ಅಮಾವಾಸ್ಯೆ ಎಂದರು. ವಾಣಿ ನನ್ನ ಕೈ ಹಿಡಿದು ‘ನಾಳೆ ನಮ್ಮವ್ವ ಬರ್ತಾಳಲ್ಲ ಸಿಸ್ಟರ್, ಇವತ್ತೊಂದಿನ ತಾನೆ’ ಎಂದಳು. ನಾನು ಜಗಳ ಮಾಡಬೇಕಿತ್ತು. ಬೂತಿನಲ್ಲಿ ಮಕ್ಕಳು ಸಾಲು ನಿಂತಿದ್ದವು, ಹೊತ್ತಾಗಿತ್ತು, ಬಸವಪ್ರಭುವಿಗೆ ಗಾಡಿ ನೋಡಿಟ್ಟಿರಿ ಎಂದು ಹೇಳಿ ಹೋದೆ. ಮಧ್ಯಾಹ್ನ ಅವರು ಸೈಕಲ್ಲಿನಲ್ಲಿ ಬಂದಾಗ ಹನಿಯ ಡಬ್ಬ ಅಲ್ಲೇ ಬಿಟ್ಟು ಅವರ ಹಿಂದೆ ಕೂತು ಬಂದೆ. ಅಷ್ಟರಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಇಳಿ ತೆಗೆಯುತ್ತಿದ್ದರು.

ಟೆಂಪೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳಿಗೆ ಎಚ್ಚರ ಬರಲಿಲ್ಲ, ನೋವು ತಿಳಿಯಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಅಮ್ಮಾ, ಈಗ ಬರೆಯುವುದನ್ನು ಬರೆಯಬಾರದು, ಆದರೆ ಇನ್ನು ಯಾರನ್ನು ಕೇಳಲಿ? ಮೌಲಾ ಸಾಬರ ಮಗಳು ಶಹಜಾದಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅದೇ ಬಾವು, ಅದೇ ಬಿ.ಪಿ. ನೋವು ಬರುವ ತನಕ ಆಸ್ಪತ್ರೆಯಲ್ಲಿ ಮಂಚ ಸಿಗುವುದಿಲ್ಲ. ವಾರವಾರ ತೋರಿಸಲು ಹತ್ತಿರದಲ್ಲೇ ಇರಬೇಕು. ದಾವಣಗೆರೆಯಲ್ಲಿ ಅವರಿಗೆ ಯಾರೂ ಇಲ್ಲ. ಅವಳ ತಾಯಿ ಮಾಬೂಬೀ ಹಗಲೆಲ್ಲಾ ಅಳುತ್ತಾರೆ. ಮೌಲಾ ಸಾಬರು ‘ಆ ಟೆಂಪೋದಾಗೆ ನನ್ನ ಮಗಳನ್ನ ಮಲಗ್ಸೋ ಹಂಗೆ ಮಾಡಬ್ಯಾಡ್ರಿ ಸಿಸ್ಟರ್’ ಎಂದರು.

ನಿಮ್ಮ ಕೋಣೆ ಖಾಲಿ ಇದೆಯೆಂದು ನೀವೇ ಬರೆದಿರಿ. ಆಗದಿದ್ದರೆ ಉತ್ತರ ಬರೆಯಬೇಡಿ, ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಸುಧಾ


ವಿನೋಬನಗರ, ದಾವಣಗೆರೆ
13 ಜುಲೈ 1999

ಸುಧಾ,

ಕಳಿಸು. ಅಮಾವಾಸ್ಯೆಯಾದರೂ ಸರಿ, ಕಳಿಸು.

ಗುರುಶಾಂತಮ್ಮ


ವಿನೋಬನಗರ, ದಾವಣಗೆರೆ
5 ಸೆಪ್ಟೆಂಬರ್ 1999

ಸುಧಾ,

ನಿನ್ನ ಶಹಜಾದಿ ಇವತ್ತು ಊರಿಗೆ ಹೊರಟಳು. ಮನೆ ಬಿಕೋ ಅನ್ನುತ್ತಿದೆ. ನಿನಗೆ ಬರೆಯುತ್ತಾ ಕೂತಿದ್ದೇನೆ.

ಬಂದ ಮೊದಲ ದಿನ ಅವಳು ಆ ಹಾಸಿಗೆಯ ಮೇಲೆ ಮಲಗಿದಾಗ ನಾನು ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಿರಾಕಿ ಬಂದು ಬಡಿದರೂ ತೆಗೆಯಲಿಲ್ಲ. ಮಾಬೂಬೀ ಏನೂ ಕೇಳದೆ ಒಳಗೆ ಅನ್ನಕ್ಕಿಟ್ಟಿದ್ದಳು. ಬಸಿಯಲು ಗೊತ್ತಿಲ್ಲ ಅವಳಿಗೆ, ಮುದ್ದೆ ಮಾಡಿಟ್ಟಿದ್ದಳು, ಬೈದೆ. ಬೈದ ಮೇಲೆ ಇಬ್ಬರೂ ಕೂತು ಅತ್ತೆವು.

ಶಹಜಾದಿಗೆ ಸಪ್ಪೆ ಊಟವೆಂದು ಡಾಕ್ಟರು ಹೇಳಿದ ಮೇಲೆ ಮೂವರಿಗೂ ಸಪ್ಪೆಯೇ ಮಾಡಿದೆ. ‘ಅಮ್ಮಾ, ಹೆರಿಗೆ ಆಗೋದ್ರೊಳಗೆ ನಾಲಗೆ ಸತ್ತೋಗ್ತೈತೆ’ ಎಂದು ಗೋಳಾಡುತ್ತಿದ್ದಳು. ಓಣಿಯವರು ಅಂದರು, ಅನ್ನದೆ ಇರುತ್ತಾರೆಯೇ. ಸ್ವಂತ ಮಗಳಿಗೆ ತೆರೆಯದ ಬಾಗಿಲು ಎಂದರು. ನಿಜ ತಾನೆ? ಕೇಳಿಸಿಕೊಂಡು ಒಳಗೆ ಬಂದೆ.

ಬಿ.ಪಿ. ಏರಿದ ದಿನ ನಾನೇ ಆಟೋ ತಂದು ಕೂರಿಸಿದೆ. ಅರ್ಧ ದಿನದಲ್ಲಿ ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಒಳಗಿನಿಂದ ಅಳುವುದು ಕೇಳಿಸಿತು ಸುಧಾ. ಮಾಬೂಬೀ ಓಡಿದಳು. ನನಗೆ ಏಳಲು ಆಗಲಿಲ್ಲ. ಆಟೋದಲ್ಲಿ ಎಷ್ಟು ಬೇಗ ಬಂದೆವು ಗೊತ್ತೇ? ನನ್ನ ಮನೆಯಿಂದ ಆಸ್ಪತ್ರೆಗೆ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತಿನ ದಾರಿ. ಅದನ್ನೇ ಯೋಚಿಸುತ್ತಾ ಬೆಂಚಿನ ಮೇಲೆ ಕೂತಿದ್ದೆ.

ಇವತ್ತು ಹೊರಡುವಾಗ ಶಹಜಾದಿ ಸೆರಗೊಡ್ಡಿ ನನ್ನೆದುರು ನಿಂತಳು. ಉಡಿ ಕೊಟ್ಟೂರೇಶನ ಹೆಂಡತಿ ತುಂಬುತ್ತಾಳೆ, ನನ್ನ ಕೈ ಬೇಡವೆಂದೆ. ‘ನಿಮ್ಮ ಕೈಲೇ ಹಾಕ್ರಿ, ನೀವು ಹಾಕದೆ ನಾನು ಹೋಗಲ್ಲ’ ಎಂದು ಹಟ ಹಿಡಿದಳು. ಹಾಕಿದೆ. ಅಕ್ಕಿ, ಕೊಬ್ಬರಿ, ವಾಣಿಗೆಂದು ತಂದಿದ್ದ ಹಸಿರು ಸೀರೆ. ‘ಹೋಗಿ ಬರ್ತೀನಮ್ಮ’ ಎಂದು ನನ್ನ ಕಾಲು ಮುಟ್ಟಿದಳು. ಆ ಮಾತು ಇನ್ನೊಬ್ಬಳ ಬಾಯಲ್ಲಿ ಕೇಳಬೇಕಿತ್ತು.

ಹಸಿರು ಬಳೆಯನ್ನೂ ತೊಡಿಸಲು ನೋಡಿದೆ. ಸೋಪು ಹಚ್ಚಿದರೂ ಹತ್ತಲಿಲ್ಲ, ಅವಳದು ದೊಡ್ಡ ಕೈ. ಒಂದು ಒಡೆಯಿತು. ಉಳಿದವನ್ನು ಒರೆಸಿ ಮತ್ತೆ ಬೀರುವಿನಲ್ಲಿಟ್ಟೆ.

ನಿನ್ನ ಸುತ್ತಿನ ಹಳ್ಳಿಗಳಲ್ಲಿ ಇಂಥವರು ಇನ್ನೂ ಇರುತ್ತಾರಲ್ಲ, ಕರೆಯಲು ಯಾರೂ ಬರದವರು. ಕಳಿಸುತ್ತಿರು. ಯಾವ ಜಾತಿ, ಯಾವ ದಿನ, ಏನೂ ನೋಡಬೇಡ. ಅವರಲ್ಲಿ ಸಣ್ಣ ಕೈಯವಳು ಯಾರಾದರೂ ಇದ್ದರೆ ಮಾತ್ರ ಮುಂಚೆ ಒಂದು ಸಾಲು ಬರೆ.

ವಾಣಿಯ ತಾಯಿ
ಗುರುಶಾಂತಮ್ಮ